ಎಡಗೈ ಕಿರುಬೆರಳು

ಬಾತಿ ಗುಡ್ಡದ ಆಚೆ, ಮೆಕ್ಕೆಜೋಳ ಕಟಾವಾದ ನೆಲದಲ್ಲಿ
ಬಿಳಿ ಶೆಡ್ಡು ಎದ್ದಿದೆ; ಕಿಟಕಿಯಿಲ್ಲ, ಚಿಮಣಿಯಿಲ್ಲ.
ಗಿರಣಿ ಅಂದರೆ ಹೊಗೆ ಎಂದೇ ತಿಳಿದ ಊರು
ಬೈಕು ನಿಲ್ಲಿಸಿ ನೋಡುತ್ತದೆ:
ಬೆಂಕಿಯಿಲ್ಲದೆ ಒಳಗೆ ಏನು ಬೇಯಿಸುತ್ತಾರೆ?

ನನ್ನ ಕೆಲಸ, ಗೇಟಿನ ಪಕ್ಕದ ತಗಡಿನ ಕೋಣೆಯಲ್ಲಿ
ಬಂದವರ ಬೆರಳು ಗಾಜಿನ ಮೇಲೆ ಒತ್ತಿಸುವುದು.
ಹಸಿರು ದೀಪ ಬಂದರೆ ಒಳಗೆ.
ಕೆಂಪು ಬಂದರೆ ಮತ್ತೊಮ್ಮೆ.
ಡಿಪ್ಲೊಮಾ ಆದವರೂ ಹೆಬ್ಬೆಟ್ಟೇ ಇಲ್ಲಿ.

ಅಜ್ಜನ ಕಾಲಕ್ಕೆ ಹಿತ್ತಾಳೆ ಬಿಲ್ಲೆಯಿತ್ತು,
ಸಾವಿರದ ನೂರಾ ನಲವತ್ತೇಳು.
ಹತ್ತಿ ಗಿರಣಿಯ ಸಿಳ್ಳೆಗೆ ಊರಿಗೂರೇ ಎದ್ದು ಒಲೆ ಹಚ್ಚುತ್ತಿತ್ತಂತೆ.
ಗಿರಣಿ ಮುಚ್ಚಿದ ಮೇಲೂ ಅಜ್ಜ
ಐದೂವರೆಗೆ ಎದ್ದು, ಕೆಮ್ಮಿ, ಮತ್ತೆ ಮಲಗುತ್ತಿದ್ದ.
ಆ ಬಿಲ್ಲೆಯಲ್ಲೀಗ ಅವ್ವ
ಎಣ್ಣೆ ಡಬ್ಬಿಯ ಮುಚ್ಚಳ ಮೀಟುತ್ತಾಳೆ.

ಮಂಗಳವಾರ ಬಂದವಳು ಖೈರುನ್ನೀಸಾ,
ಮಂಡಕ್ಕಿ ಭಟ್ಟಿಯ ಕಡೆಯವಳು, ವಯಸ್ಸು ಮೂವತ್ತೊಂದು,
ಎಸೆಸೆಲ್ಸಿ ಪಾಸು.
ಬಲ ಹೆಬ್ಬೆಟ್ಟು ಇಟ್ಟಳು. ಕೆಂಪು.
ದುಪಟ್ಟಾಕ್ಕೆ ಒರೆಸಿ ಇಟ್ಟಳು. ಕೆಂಪು.
ತೋರುಬೆರಳು, ನಡುಬೆರಳು, ಉಂಗುರದ್ದು...
ಗಾಜಿಗೆ ಯಾರೂ ಮುಟ್ಟಿದಂತೆಯೇ ಇಲ್ಲ.

ಅಂಗೈ ತಿರುಗಿಸಿ ನೋಡಿದೆ.
ಹದಿನೈದು ವರ್ಷ ಕಾದ ಮರಳಲ್ಲಿ ಅಕ್ಕಿ ಆಡಿಸಿದ ಕೈ,
ಗೆರೆಯೆಲ್ಲ ಅಳಿಸಿ, ಒರಳಿನ ಒಳಮೈ ಹಾಗೆ ನುಣುಪು.
"ಇದು ನನ್ನ ಕೈಯೇ ಸಾರ್," ಎಂದಳು,
ನಾನೇನೋ ಅಲ್ಲ ಅಂದೆನೆಂಬಂತೆ.

ಹಿಂದೆ ಸಾಲು ಬೆಳೆಯಿತು.
ಹಾಲಮ್ಮ, ಕೊಬ್ಬರಿ ಎಣ್ಣೆ ಹಚ್ಚು ಅಂದಳು.
ಐಟಿಐ ಹುಡುಗನೊಬ್ಬ, ಬಿಸಿಯುಸಿರು ಊದಕ್ಕಾ ಅಂದ.
ತೈವಾನಿನಿಂದ ಬಂದ ಶೂಮೇ ಮೇಡಂ
ಗಡಿಯಾರ ನೋಡಿಕೊಂಡು ನಿಂತರು.

ಎಡಗೈ. ಹೆಬ್ಬೆಟ್ಟು ಇಲ್ಲ. ಅದರ ಪಕ್ಕದ್ದೂ ಇಲ್ಲ.
ಕೊನೆಗೆ ಕಿರುಬೆರಳು,
ಜರಡಿ ಹಿಡಿದಾಗಲೂ ಹೊರಗೇ ಚಾಚಿ ನಿಂತದ್ದು,
ಭಟ್ಟಿಗೂ ತನಗೂ ಸಂಬಂಧವಿಲ್ಲದ ಹಾಗೆ,
ಇಟ್ಟಳು.

ಹಸಿರು.

ಸಾಲೆಲ್ಲ ಹೋ ಎಂದಿತು.
"ಬೆಟ್ಟ ಎತ್ತಿದ ಬೆರಳಮ್ಮಾ ಇದು," ಅಂದೆ.
"ಬೆಟ್ಟ ಯಾತಕ್ಕೆ ಸಾರ್, ಕಂಪನಿ ಬಸ್ಸು ಹತ್ತಿದರೆ ಸಾಕು."

ಒಳಗೆ ಬಳೆ ಬಿಚ್ಚಿಸುತ್ತಾರೆ. ಅದೇ ಮಣಿಕಟ್ಟಿಗೆ
ನೀಲಿ ಪಟ್ಟಿ, ಪಟ್ಟಿಯಿಂದ ನೆಲಕ್ಕೊಂದು ತಂತಿ,
ಮೈಯ ಮಿಂಚೆಲ್ಲ ಭೂಮಿಗೆ ಇಳಿಯಲಿ ಅಂತ.
ಸಾಸಿವೆಗಿಂತ ಸಣ್ಣ ತುಣುಕನ್ನು
ಚಿಮಟದಲ್ಲಿ ಹಿಡಿದು ಕೂರಿಸಬೇಕು.
ಎರಡೇ ದಿನಕ್ಕೆ ಕಲಿತಳಂತೆ.
ಬೆಸುಗೆಯ ತವರ ಕರಗುವ ಹೊತ್ತು
ಮೀಟರಿಗಿಂತ ಮುಂಚೆ ಅವಳಿಗೆ ಗೊತ್ತಾಗುತ್ತದಂತೆ.
"ಅಕ್ಕಿ ಅರಳೋ ಮುಂಚೆ ಒಂದು ಕ್ಷಣ
ಸುಮ್ಮನಾಗ್ತದೆ ಸಾರ್. ಇದೂ ಹಂಗೇ."
ಮೇಡಂ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು,
ಮೇಲಿಂದ ಕೆಳಕ್ಕೆ, ತಮ್ಮ ಲಿಪಿಯಲ್ಲಿ.

ಮೊದಲ ಸಂಬಳದ ಮರುದಿನ ನನ್ನ ಮೇಜಿನ ಮೇಲೆ
ಪೊಟ್ಟಣದಲ್ಲಿ ನರ್ಗಿಸ್ ಮಂಡಕ್ಕಿ, ಎರಡು ಮೆಣಸಿನಕಾಯಿ.
"ಹುಟ್ಟಿದಾಗಿಂದ ಮೊದಲ ಸಲ ಸಾರ್,
ಮಂಡಕ್ಕಿ ದುಡ್ಡು ಕೊಟ್ಟು ತಗೊಂಡೆ," ಎಂದಳು.
ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ನಗಲಿಲ್ಲ.

ನಾನು ಏಜೆನ್ಸಿಯವನು. ಹನ್ನೊಂದು ತಿಂಗಳ ಕರಾರು.
ಬರುವ ತಿಂಗಳು ಮುಖ ನೋಡುವ ಯಂತ್ರ ಬರುತ್ತದಂತೆ,
ಬೆರಳು ಬೇಡ, ಬೆರಳು ಹಿಡಿಯುವವನೂ ಬೇಡ.
ನನ್ನ ಹತ್ತೂ ಬೆರಳಲ್ಲಿ ಗೆರೆ ಒಂದೂ ಮಾಸಿಲ್ಲ,
ಯಾವ ಮರಳಿಗೂ ಇಳಿಯದ ಕೈ.

ನಿನ್ನೆ ಪಾಳಿ ಮುಗಿದು ದೀಪ ಆರಿಸುವ ಮುಂಚೆ
ಅವಳೆಲ್ಲ ಎಣ್ಣೆ, ಬೆವರು, ಬೇರೆಯವರದೂ ಅಂಟಿದ್ದ ಗಾಜಿನ ಮೇಲೆ
ನನ್ನದೊಂದು ಹೆಬ್ಬೆಟ್ಟು ಒತ್ತಿದೆ.
ಯಂತ್ರ, ಅಕ್ಕಿ ಅರಳುವ ಮುಂಚಿನ ಹಾಗೆ,
ಒಂದು ಕ್ಷಣ ಸುಮ್ಮನಾಯಿತು.